ಬ್ಯಾಗ್ ತುಂಬಿದೆ, ಮಗು ತಯಾರಾಗಿದೆಯೇ?

ಜೂನ್, ಜುಲೈ ಬಂತೆಂದರೆ ಕಾಸರಗೋಡು ರೈಲು ನಿಲ್ದಾಣದಲ್ಲಿ ಸಂಜೆ ಹೊತ್ತು ಒಂದೇ ದೃಶ್ಯ. ತಿರುವನಂತಪುರದ ಕಡೆ ಹೋಗುವ ಮಾವೇಲಿ, ಅದರ ಬೆನ್ನಿಗೇ ಮಲಬಾರ್ ಎಕ್ಸ್‌ಪ್ರೆಸ್. ಪ್ಲಾಟ್‌ಫಾರ್ಮಿನಲ್ಲಿ ಎರಡು ಟ್ರಾಲಿ ಬ್ಯಾಗ್, ಒಂದು ಬಕೆಟ್, ಅದರೊಳಗೆ ಹೊಸ ಮಗ್, ಸುತ್ತಿ ಕಟ್ಟಿದ ಹಾಸಿಗೆ, ಉಪ್ಪಿನಕಾಯಿ ಬಾಟಲಿ. ಉಮ್ಮನ ಕೈಯಲ್ಲಿ ಫೋನ್, ಫೋನಿನ ವಿಡಿಯೋ ಕಾಲಿನಲ್ಲಿ ಗಲ್ಫಿನಿಂದ ಉಪ್ಪ. "ಮೋನೆ, ಚಾರ್ಜರ್ ಇಟ್ಟಿದ್ದೀಯಾ? ಸರ್ಟಿಫಿಕೇಟ್ ಫೈಲ್ ಎಲ್ಲಿ?" ಮಗ ತಲೆ ಅಲ್ಲಾಡಿಸುತ್ತಾನೆ. ರೈಲು ಎರಡು ನಿಮಿಷ ನಿಲ್ಲುತ್ತದೆ, ಹೊರಡುತ್ತದೆ. ಹದಿನೆಂಟು ವರ್ಷ ಒಂದು ರಾತ್ರಿಯೂ ಮನೆ ಬಿಟ್ಟು ಮಲಗದ ಹುಡುಗ ಮರುದಿನ ಬೆಳಗ್ಗೆ ಗುರುತಿಲ್ಲದ ಊರಿನಲ್ಲಿ ಹಾಸ್ಟೆಲ್ ವಾರ್ಡನ್ ಎದುರು ನಿಂತಿರುತ್ತಾನೆ.

ಗಡಿನಾಡಿನ ಬ್ಯಾರಿ ಮನೆಗಳಿಗೆ ಇದು ತುಸು ಹೊಸ ಅನುಭವವೇ. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡಿನ ಮಕ್ಕಳಿಗೆ ಕಾಲೇಜು ಎಂದರೆ ಬಹುಕಾಲ ಮಂಗಳೂರು. ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್, ಮಂಜೇಶ್ವರದಿಂದ ಇನ್ನೂ ಹತ್ತಿರ. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಕೊಣಾಜೆಯಲ್ಲಿ ಶುರುವಾಯಿತು, ದೇರಳಕಟ್ಟೆಯ ಸುತ್ತ ವೈದ್ಯಕೀಯ ಕಾಲೇಜುಗಳು ಎದ್ದವು. ತಲಪಾಡಿ ದಾಟಿದರೆ ಮುಗಿಯಿತು. ಬೆಳಗ್ಗೆ ಬಸ್ಸೋ ರೈಲೋ ಹತ್ತಿದ ಮಗು ಮಗ್ರಿಬ್ ಹೊತ್ತಿಗೆ ಮನೆಯಲ್ಲಿ. ಓದು ಹೊರಗೆ, ಊಟ ನಿದ್ದೆ ಒಳಗೆ. ಈ ವ್ಯವಸ್ಥೆಯೂ ಅಷ್ಟು ಗಟ್ಟಿಯಲ್ಲ ಎಂಬುದು ಕೊರೋನಾ ಕಾಲದಲ್ಲಿ ಗೊತ್ತಾಯಿತು. 2020ರಲ್ಲಿ ತಲಪಾಡಿ ಗಡಿಯೇ ಮುಚ್ಚಿತು. 2021ರಲ್ಲಿ ಗಡಿ ದಾಟಲು ಆರ್‌ಟಿ-ಪಿಸಿಆರ್ ವರದಿ ಕಡ್ಡಾಯವಾದಾಗ ದಿನವೂ ಹೋಗಿ ಬರುತ್ತಿದ್ದ ವಿದ್ಯಾರ್ಥಿಗಳು ರಸ್ತೆಯಲ್ಲಿ ನಿಂತರು. ಗಡಿಯಾಚೆ ಒಂದು ಕೋಣೆ ಬೇಕು ಎಂಬ ಯೋಚನೆ ಅನೇಕ ಮನೆಗಳಲ್ಲಿ ಮೊದಲ ಬಾರಿಗೆ ಬಂದದ್ದು ಆಗಲೇ.

2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ ಸಿಯುಇಟಿ ಎಂಬ ಒಂದೇ ಪರೀಕ್ಷೆ ಬಂತು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದ ಅಂಗಳಕ್ಕೆ ಉತ್ತರ ಭಾರತದ ಮಕ್ಕಳು ಬರುವ ಹಾಗೆ, ಇಲ್ಲಿನ ಮಕ್ಕಳಿಗೆ ಹೈದರಾಬಾದ್, ದಿಲ್ಲಿ, ಅಲಿಗಢದ ಬಾಗಿಲು ಮೊಬೈಲಿನಲ್ಲೇ ತೆರೆಯುತ್ತದೆ. ನೀಟ್ ಬರೆದವರಿಗೆ ಸೀಟು ಸಿಗುವುದು ತ್ರಿಶೂರಿನಲ್ಲೋ ಆಲಪ್ಪುಝದಲ್ಲೋ ಇರಬಹುದು. ಇದು ಸಮುದಾಯ ಖುಷಿಪಡಬೇಕಾದ ಸಂಗತಿಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೀಟು ಸಿಗುವವರೆಗೆ ಕೋಚಿಂಗ್, ಅರ್ಜಿ, ಆಪ್ಷನ್ ಎಂದು ಎರಡು ವರ್ಷ ಓಡಾಡುವ ಮನೆ, ಸೀಟು ಸಿಕ್ಕಿದ ಮೇಲೆ ಮಗುವನ್ನು ತಯಾರು ಮಾಡುವುದಕ್ಕೆ ಕೊಡುವುದು ಎರಡೇ ವಾರ. ಆ ಎರಡು ವಾರವೂ ಅಂಗಡಿ ಸುತ್ತುವುದರಲ್ಲಿ ಮುಗಿಯುತ್ತದೆ.

ಅರ್ಧ ಅರ್ಧ ತಯಾರಿ

ಒಂದು ಸಾಮಾನ್ಯ ಮನೆಯ ಹುಡುಗನನ್ನೇ ನೋಡಿ. ಪ್ಲಸ್ ಟುವಿನಲ್ಲಿ ಎಲ್ಲದಕ್ಕೂ ಎ ಪ್ಲಸ್. ಬೈಕ್ ಬಿಡುತ್ತಾನೆ, ಅಕ್ಷಯ ಕೇಂದ್ರಕ್ಕೆ ಹೋಗಿ ಅರ್ಜಿ ಹಾಕಿ ಬರುತ್ತಾನೆ, ಉಮ್ಮನ ಬ್ಯಾಂಕಿನ ಕೆಲಸವೂ ಅವನದ್ದೇ. ಆದರೆ ಒಂದು ಪಾವು ಅಕ್ಕಿಗೆ ಎಷ್ಟು ನೀರು ಎಂದು ಕೇಳಿದರೆ ಉಮ್ಮನ ಮುಖ ನೋಡುತ್ತಾನೆ. ಬಟ್ಟೆ ಒಗೆಯುವುದು ಎಂದರೆ ಬಿಚ್ಚಿ ಮೂಲೆಗೆ ಎಸೆಯುವುದು ಎಂದಷ್ಟೇ ಗೊತ್ತು. ಜ್ವರ ಬಂದರೆ ಯಾವ ಮಾತ್ರೆ, ಎಷ್ಟು ಹೊತ್ತಿಗೊಮ್ಮೆ, ಯಾವಾಗ ಡಾಕ್ಟರ ಬಳಿ ಹೋಗಬೇಕು, ಇದೆಲ್ಲ ಅವನ ತಲೆಗೆ ಬಂದೇ ಇಲ್ಲ.

ಅದೇ ಮನೆಯ ಹುಡುಗಿ ಹದಿಮೂರಕ್ಕೇ ಪತ್ತಿರ್ ತಟ್ಟುತ್ತಾಳೆ, ಮನೆ ಗುಡಿಸುತ್ತಾಳೆ, ತಮ್ಮನಿಗೆ ಹುಷಾರಿಲ್ಲದಿದ್ದರೆ ರಾತ್ರಿ ಎದ್ದು ಕೂರುತ್ತಾಳೆ. ಆದರೆ ಅವಳ ಎಟಿಎಂ ಕಾರ್ಡ್ ಅಣ್ಣನ ಪರ್ಸಿನಲ್ಲಿ. ರೈಲು ಟಿಕೆಟ್ ತೆಗೆದದ್ದು ಯಾವತ್ತೂ ಬೇರೆಯವರು. ಕುಂಬಳೆಯಿಂದ ಮಂಗಳೂರಿಗೆ ಒಬ್ಬಳೇ ಹೋಗಿ ಬಂದದ್ದಿಲ್ಲ.

ಹೀಗೆ ಬ್ಯಾರಿ ಮನೆಗಳು ಮಕ್ಕಳನ್ನು ಅರ್ಧರ್ಧ ತಯಾರು ಮಾಡುತ್ತಿವೆ, ಗಂಡಿಗೆ ಹೊರಗಿನ ಅರ್ಧ, ಹೆಣ್ಣಿಗೆ ಒಳಗಿನ ಅರ್ಧ. ಹಾಸ್ಟೆಲಿಗೆ ಎರಡೂ ಬೇಕು. ಎರಡನ್ನೂ ಕಲಿಸಲು ಹೊಸ ಕೋರ್ಸ್ ಬೇಕಾಗಿಲ್ಲ. ಒಂಬತ್ತನೇ ತರಗತಿಯಿಂದ ಮಗ ತನ್ನ ಬಟ್ಟೆ ತಾನೇ ಒಗೆಯಲಿ, ವಾರಕ್ಕೊಂದು ದಿನ ಗಂಜಿ ಚಟ್ನಿಯಾದರೂ ಮಾಡಲಿ. ಮಗಳು ತನ್ನ ಹೆಸರಿನ ಖಾತೆ ತಾನೇ ನೋಡಿಕೊಳ್ಳಲಿ, ಟಿಕೆಟ್ ತಾನೇ ಬುಕ್ ಮಾಡಲಿ, ಮೊದಲು ಪಕ್ಕದ ಊರಿಗೆ, ಆಮೇಲೆ ಮಂಗಳೂರಿಗೆ ಒಬ್ಬಳೇ ಹೋಗಿ ಬರಲಿ. "ಗಂಡು ಹುಡುಗ ಅಡುಗೆ ಮಾಡುವುದಾ" ಎಂದು ಅಜ್ಜಿ ನಗಬಹುದು. ನಗಲಿ ಬಿಡಿ.

ನಗಬೇಕಾದವರು ಅಜ್ಜಿಯಲ್ಲ ಎನ್ನುವುದು ಬೇರೆ ಮಾತು. ಯಾಕೆಂದರೆ ಆ ಅಜ್ಜಿಯ ಮಗನೇ ಗಲ್ಫಿನಲ್ಲಿ ಇಪ್ಪತ್ತು ವರ್ಷ ಅಡುಗೆ ಮಾಡಿ ಉಂಡವನು. ಒಂದು ಕೋಣೆಯಲ್ಲಿ ಎಂಟು ಜನ, ಮೇಲೆ ಕೆಳಗೆ ಮಂಚ, ಗೋಡೆಗೆ ಅಂಟಿಸಿದ ಚೀಟಿಯಲ್ಲಿ ಇವತ್ತು ಯಾರ ಅಡುಗೆ, ಯಾರ ಕ್ಲೀನಿಂಗ್ ಎಂಬ ಪಟ್ಟಿ. ತಿಂಗಳ ಕೊನೆಗೆ ಮೆಸ್ ಲೆಕ್ಕ, ಅದರಲ್ಲಿ ಐದು ದಿರ್ಹಮ್ ಹೆಚ್ಚು ಕಡಿಮೆಯಾದರೂ ಗಲಾಟೆ. ಗೊರಕೆ ಹೊಡೆಯುವವನ ಜೊತೆ ಮಲಗುವುದು, ಕೆಲಸವಿಲ್ಲದವನಿಗೆ ಎರಡು ತಿಂಗಳು ಊಟ ಹಾಕುವುದು, ಸಾಲ ಕೇಳಿದವನಿಗೆ ಇಲ್ಲ ಎನ್ನುವುದು, ಮನೆ ನೆನಪಾಗಿ ಅಳು ಬಂದರೆ ಬಾತ್‌ರೂಮಿಗೆ ಹೋಗಿ ಮುಖ ತೊಳೆದು ಬರುವುದು. ಮನೆ ಬಿಟ್ಟು ಬದುಕುವುದು ಹೇಗೆ ಎಂಬ ವಿಷಯದಲ್ಲಿ ಈ ಕರಾವಳಿಯ ಬ್ಯಾರಿ ಉಪ್ಪಂದಿರಿಗಿಂತ ಹೆಚ್ಚು ಗೊತ್ತಿದ್ದವರು ಕಡಿಮೆ. ಆದರೆ ಅವರು ಅದನ್ನು ಮಕ್ಕಳಿಗೆ ಹೇಳುವುದಿಲ್ಲ. ರಜೆಗೆ ಬಂದಾಗ ಚಾಕಲೇಟ್, ಅತ್ತರು, ಹೊಸ ಫೋನ್ ತರುತ್ತಾರೆ. ಕಷ್ಟದ ಕಥೆಯನ್ನು ಏರ್‌ಪೋರ್ಟಿನ ಆಚೆಗೇ ಬಿಟ್ಟು ಬರುತ್ತಾರೆ. ಮಗನಿಗೆ ನೋವಾಗಬಾರದು ಎಂಬುದು ಅವರ ಲೆಕ್ಕ. ಮಗನಿಗೆ ಮಾತ್ರ ಉಪ್ಪ ಎಂದರೆ ತಿಂಗಳಿಗೊಮ್ಮೆ ಹಣ ಕಳಿಸುವ ಒಂದು ನಂಬರ್.

ಹಾಸ್ಟೆಲಿಗೆ ಹೋಗುವ ಮೊದಲಿನ ರಜೆಯಲ್ಲಿ ಉಪ್ಪ ಮಗನನ್ನು ಅಡುಗೆಮನೆಗೆ ಕರೆದು ತನ್ನ ರೂಮಿನ ದಾಲ್ ಮಾಡುವುದನ್ನು ಕಲಿಸಿ, ಮೊದಲ ವರ್ಷ ತಾನು ಹೇಗೆ ಒದ್ದಾಡಿದೆ ಎಂದು ಹೇಳಿದರೆ, ಅದು ಯಾವ ಕೌನ್ಸೆಲಿಂಗ್ ಕ್ಲಾಸಿಗೂ ಕಡಿಮೆಯಲ್ಲ. ಮಸೀದಿ ದರ್ಸಿನಲ್ಲಿ ಕಲಿತ ಉಸ್ತಾದರನ್ನೂ ಇದೇ ರೀತಿ ಕೇಳಬಹುದು. ಹನ್ನೆರಡು ಹದಿಮೂರರ ವಯಸ್ಸಿಗೇ ಮನೆ ಬಿಟ್ಟು, ಗುರುತಿಲ್ಲದ ಮೊಹಲ್ಲಾದ ಮನೆಗಳಲ್ಲಿ ಉಂಡು, ಮಸೀದಿಯಲ್ಲಿ ಮಲಗಿ ಓದಿದವರು ಅವರು.

ಹೇಳದೆ ಉಳಿದ ಮಾತು

ಅಡುಗೆ, ಬಟ್ಟೆ ಒಂದು ತಿಂಗಳಲ್ಲಿ ಕಲಿಯಬಹುದು. ನಿಜವಾದ ಅಪಾಯ ಬೇರೆ ಕಡೆ ಉಂಟು. ಮಗು ಸೋತಾಗ ಮನೆಗೆ ಹೇಳುತ್ತದೆಯೇ ಎಂಬುದು ಅದು.

ಗಲ್ಫ್ ಹಣದಲ್ಲಿ ಓದುವ ಮಗುವಿನ ಮೇಲೆ ಒಂದು ವಿಚಿತ್ರ ಭಾರ ಇರುತ್ತದೆ. ಫೀಸು ಎಲ್ಲಿಂದ ಬಂತು ಎಂದು ಅವನಿಗೆ ಗೊತ್ತು. ಉಮ್ಮನ ಬಳೆ ಹೋದದ್ದು ಗೊತ್ತು, ಊರಿಗೆ ಬಂದು ಅಂಗಡಿ ಹಾಕುತ್ತೇನೆ ಎಂದಿದ್ದ ಉಪ್ಪ ಇನ್ನೆರಡು ವರ್ಷ ವೀಸಾ ನವೀಕರಿಸಿದ್ದೂ ಗೊತ್ತು. ಬಡ್ಡಿಯ ಸಾಲ ಬೇಡ ಎಂದು ಎಷ್ಟೋ ಮನೆಗಳು ಶಿಕ್ಷಣ ಸಾಲದ ಬದಲು ಬಂಗಾರ ಮಾರುತ್ತವೆ, ಸಂಬಂಧಿಕರ ಮುಂದೆ ಕೈ ಚಾಚುತ್ತವೆ. ಊರಿನಲ್ಲಿ ಅಭಿನಂದನೆಯ ಫ್ಲೆಕ್ಸ್ ಬೇರೆ. ಕ್ಲಬ್ಬಿನವರು ಶಾಲು ಹಾಕಿದ ಫೋಟೋ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಓಡಾಡಿರುತ್ತದೆ. ಇಷ್ಟೆಲ್ಲ ಆದ ಮೇಲೆ ಮೊದಲ ಸೆಮಿಸ್ಟರಿನಲ್ಲಿ ಮೂರು ವಿಷಯ ಫೇಲಾದರೆ ಯಾರ ಹತ್ತಿರ ಹೇಳುವುದು?

ಅವನು ಹೇಳುವುದಿಲ್ಲ. "ರಿಸಲ್ಟ್ ಇನ್ನೂ ಬರಲಿಲ್ಲ" ಎನ್ನುತ್ತಾನೆ. ಎರಡನೇ ಸೆಮಿಸ್ಟರಿನಲ್ಲಿ ಬಾಕಿ ಐದಾಗುತ್ತದೆ. ಕ್ಲಾಸಿಗೆ ಹೋಗುವುದು ಕಡಿಮೆಯಾಗುತ್ತದೆ, ಹಾಜರಿ ಕಮ್ಮಿಯೆಂದು ಪರೀಕ್ಷೆಗೆ ಕೂರಿಸುವುದಿಲ್ಲ. ಮನೆಗೆ ಗೊತ್ತಾಗುವಾಗ ಎರಡು ವರ್ಷ ಹೋಗಿರುತ್ತದೆ. ಈ ಕಥೆ ಗೊತ್ತಿಲ್ಲದ ಮೊಹಲ್ಲಾ ಕರಾವಳಿಯಲ್ಲಿ ಅಪರೂಪ. ಆದರೆ ಅದನ್ನು ಯಾರೂ ಹೊರಗೆ ಮಾತಾಡುವುದಿಲ್ಲ, ಮಾತಾಡಿದರೆ ಮಗನ ಮರ್ಯಾದೆ ಹೋಗುತ್ತದಂತೆ.

ಆದ್ದರಿಂದ ಹೊರಡುವ ಮೊದಲೇ ಮನೆಯಲ್ಲಿ ಒಂದು ಮಾತು ಆಗಿರಬೇಕು. ಫೇಲಾದರೆ ಬೈಯುವುದಿಲ್ಲ ಎಂದಲ್ಲ, ಬೈದರೂ ಜೊತೆಯಲ್ಲೇ ಇರುತ್ತೇವೆ ಎಂದು. ಕೋರ್ಸ್ ಇಷ್ಟವಾಗದಿದ್ದರೆ ಮೊದಲ ವರ್ಷದಲ್ಲೇ ಹೇಳು, ಬದಲಾಯಿಸಲು ದಾರಿ ಉಂಟು ಎಂದು. ಖರ್ಚಿನ ಲೆಕ್ಕವನ್ನೂ ಮುಚ್ಚಿಡದೆ ಹೇಳಬೇಕು. ಎಷ್ಟು ಉಂಟು, ಎಷ್ಟು ಇಲ್ಲ ಎಂದು ಗೊತ್ತಿದ್ದರೆ ಮಗು ಜವಾಬ್ದಾರಿಯಿಂದ ಖರ್ಚು ಮಾಡುತ್ತದೆ. ಊಹೆಯಲ್ಲಿ ಬಿಟ್ಟರೆ ತಪ್ಪಿತಸ್ಥ ಭಾವದಲ್ಲಿ ಬೇಯುತ್ತದೆ. ದಿನಕ್ಕೆ ನಾಲ್ಕು ವಿಡಿಯೋ ಕಾಲ್ ಮಾಡಿ "ಎಲ್ಲಿದ್ದೀ, ಕ್ಯಾಮೆರಾ ತಿರುಗಿಸು" ಎನ್ನುವುದರಿಂದ ಇದು ಸಾಧ್ಯವಾಗದು. ಆ ಮಗು ಕ್ಯಾಮೆರಾಕ್ಕೆ ಬೇಕಾದದ್ದನ್ನು ತೋರಿಸಲು ಕಲಿಯುತ್ತದೆ, ಅಷ್ಟೇ. ವಾರಕ್ಕೆ ಎರಡು ಸಲ ಪುರುಸೊತ್ತಿನಲ್ಲಿ ಅರ್ಧ ಗಂಟೆ ಮಾತಾಡುವುದು ಲೇಸು. ಮನಸ್ಸಿಗೆ ತೀರಾ ಭಾರವಾದರೆ ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಎಲ್ಲ ಹೊತ್ತಿನಲ್ಲೂ ಸಿಗುತ್ತದೆ.

ರ‍್ಯಾಗಿಂಗ್ ವಿಷಯದಲ್ಲೂ ಇದೇ ಮೌನ ಕೆಲಸ ಮಾಡುತ್ತದೆ. 2024ರ ಫೆಬ್ರವರಿಯಲ್ಲಿ ವಯನಾಡಿನ ಪೂಕೋಡಿನ ಪಶುವೈದ್ಯಕೀಯ ಕಾಲೇಜು ಹಾಸ್ಟೆಲಿನಲ್ಲಿ ಎರಡನೇ ವರ್ಷದ ವಿದ್ಯಾರ್ಥಿಯೊಬ್ಬ ಶವವಾಗಿ ಪತ್ತೆಯಾದ. ಅದಕ್ಕೆ ಮುಂಚೆ ಹಾಸ್ಟೆಲಿನಲ್ಲೇ ಗುಂಪಾಗಿ ಹಲ್ಲೆ ನಡೆದಿತ್ತು ಎಂಬ ಆರೋಪದ ತನಿಖೆ ಸಿಬಿಐವರೆಗೆ ಹೋಯಿತು. 2025ರ ಫೆಬ್ರವರಿಯಲ್ಲಿ ಕೋಟ್ಟಯಂನ ಸರಕಾರಿ ನರ್ಸಿಂಗ್ ಕಾಲೇಜಿನ ಹಾಸ್ಟೆಲ್ ಪ್ರಕರಣ ಹೊರಬಂತು. ಅಲ್ಲಿ ಮೊದಲ ವರ್ಷದ ಹುಡುಗರು ತಿಂಗಳುಗಟ್ಟಲೆ ಸಹಿಸಿಕೊಂಡ ಮೇಲೆ ದೂರು ಕೊಟ್ಟಿದ್ದರು, ಐವರು ಹಿರಿಯ ವಿದ್ಯಾರ್ಥಿಗಳ ಬಂಧನವಾಯಿತು. ಕೇರಳದಲ್ಲಿ 1998ರಿಂದಲೇ ರ‍್ಯಾಗಿಂಗ್ ನಿಷೇಧ ಕಾಯ್ದೆ ಉಂಟು. 2009ರ ಯುಜಿಸಿ ನಿಯಮದ ಪ್ರಕಾರ ವಿದ್ಯಾರ್ಥಿ ಮತ್ತು ಪೋಷಕ ಇಬ್ಬರೂ ಅಫಿಡವಿಟ್ ಕೊಡಬೇಕು, ಅಪರಾಧದ ಮಾಹಿತಿ ಬಂದರೆ ಸಂಸ್ಥೆಯ ಮುಖ್ಯಸ್ಥರು 24 ಗಂಟೆಯೊಳಗೆ ಪೊಲೀಸ್ ದೂರಿಗೆ ಕ್ರಮ ಕೈಗೊಳ್ಳಬೇಕು. ಹೆಚ್ಚಿನ ಪೋಷಕರು ಆ ಅಫಿಡವಿಟ್ಟನ್ನು ಕಂಪ್ಯೂಟರ್ ಸೆಂಟರಿನಲ್ಲಿ ಯಾರದ್ದೋ ಕೈಯಲ್ಲಿ ತುಂಬಿಸಿ ಮರೆತುಬಿಡುತ್ತಾರೆ. ಅದನ್ನು ಮಗುವಿನ ಜೊತೆ ಕೂತು ಓದಿ, 1800-180-5522 ಎಂಬ ರಾಷ್ಟ್ರೀಯ ಸಹಾಯವಾಣಿಯ ನಂಬರನ್ನು ಇಬ್ಬರ ಫೋನಿನಲ್ಲೂ ಉಳಿಸಿಕೊಳ್ಳಬೇಕು. ಇನ್ನೊಂದು ಮಾತನ್ನೂ ಹೇಳಿ ಕಳಿಸಬೇಕು. ಮುಂದಿನ ವರ್ಷ ಅವನೇ ಸೀನಿಯರ್. ಪೀಡಿಸುವವರ ಮನೆಯವರೂ ತಮ್ಮ ಮಗ ಪಾಪದವನು ಎಂದೇ ತಿಳಿದಿರುತ್ತಾರೆ.

ಖಾತೆ, ಕಾರ್ಡ್, ಸರ್ಟಿಫಿಕೇಟ್

ಹಣದ ವಿಚಾರದಲ್ಲಿ ಪೋಷಕರಿಗೆ ಗೊತ್ತಿಲ್ಲದ ಒಂದು ಹೊಸ ಬಲೆ ಇದೆ. ವಿದ್ಯಾರ್ಥಿಯ ಬ್ಯಾಂಕ್ ಖಾತೆಯನ್ನು ಬಾಡಿಗೆಗೆ ಕೇಳುವುದು. "ನಿನ್ನ ಅಕೌಂಟಿಗೆ ಸ್ವಲ್ಪ ದುಡ್ಡು ಬರುತ್ತದೆ, ತೆಗೆದು ಕೊಡು, ನಿನಗೆ ಕಮಿಷನ್" ಎನ್ನುತ್ತಾನೆ ಪರಿಚಯದವನೇ. ಕೆಲವರು ಎಟಿಎಂ ಕಾರ್ಡ್ ಮತ್ತು ಸಿಮ್ ಸಮೇತ ಕೊಟ್ಟುಬಿಡುತ್ತಾರೆ. ಬರುವುದು ಆನ್‌ಲೈನ್ ವಂಚನೆಯ ಹಣ. ದೂರದ ಯಾವುದೋ ರಾಜ್ಯದಲ್ಲಿ ದೂರು ದಾಖಲಾದಾಗ ಪೊಲೀಸರು ಹುಡುಕಿಕೊಂಡು ಬರುವುದು ಖಾತೆಯ ಹೆಸರನ್ನು. ಕಮಿಷನ್ ಸಿಕ್ಕಿದ್ದು ಕೆಲವು ಸಾವಿರ, ಕೇಸು ಮಾತ್ರ ಪೂರ್ತಿ ಮೊತ್ತದ್ದು. ಕೇರಳದಲ್ಲೂ ಕರ್ನಾಟಕದಲ್ಲೂ ಕಾಲೇಜು ಹುಡುಗರು ಹೀಗೆ ಆರೋಪಿಗಳಾಗಿದ್ದಾರೆ. ಪಾಸ್‌ಪೋರ್ಟಿಗೆ ಪೊಲೀಸ್ ಪರಿಶೀಲನೆ ಬೇಕಾಗುವ, ಗಲ್ಫ್ ಕನಸು ಇರುವ ಹುಡುಗನಿಗೆ ಇದು ಎಂಥ ಪೆಟ್ಟು ಎಂದು ಬಿಡಿಸಿ ಹೇಳಬೇಕಾಗಿಲ್ಲ. ತಾನೇ ವಂಚನೆಗೆ ಒಳಗಾದರೆ ತಕ್ಷಣ 1930ಕ್ಕೆ ಕರೆ ಮಾಡಬೇಕು, ತಡವಾದಷ್ಟೂ ಹಣ ಕೈಬಿಡುತ್ತದೆ. ಮಾದಕ ದ್ರವ್ಯದ ಕಥೆಯೂ ಹೀಗೆಯೇ ಶುರುವಾಗುವುದು, ಗೆಳೆಯನ ಒಂದು ಪೊಟ್ಟಣವನ್ನು ರೂಮಿನಲ್ಲಿ ಇಟ್ಟುಕೊಳ್ಳುವುದರಿಂದ. ಕಾನೂನು ನೋಡುವುದು ಪೊಟ್ಟಣ ಯಾರ ವಶದಲ್ಲಿತ್ತು ಎಂದು.

ಸರ್ಟಿಫಿಕೇಟಿನ ವಿಷಯದಲ್ಲಿ ಗಡಿನಾಡಿನವರಿಗೆ ತಲೆನೋವು ಜಾಸ್ತಿ. ಕೇರಳದ ಪ್ಲಸ್ ಟು ಮುಗಿಸಿ ಕರ್ನಾಟಕದ ವಿಶ್ವವಿದ್ಯಾಲಯ ಸೇರುವಾಗ ಟಿಸಿ ಜೊತೆ ಮೈಗ್ರೇಶನ್, ಅರ್ಹತಾ ಪತ್ರ ಎಂದು ಕೇಳುತ್ತಾರೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅವಕಾಶ ಇದೆ. ಆದರೆ ಮಾತೃಭಾಷೆ, ಓದಿದ ಸ್ಥಳದ ಷರತ್ತುಗಳಿವೆ, ಕನ್ನಡ ಪರೀಕ್ಷೆ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಇದು ದೊಡ್ಡ ಅನುಕೂಲ, ಮಾಹಿತಿ ಕೈಪಿಡಿ ಓದದೆ ಎಷ್ಟೋ ಮಂದಿ ಕಳೆದುಕೊಳ್ಳುತ್ತಾರೆ. ಇನ್ನೊಂದು, ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಬಂದಿದೆ, ಮೂರು ವರ್ಷಕ್ಕೆ ಪದವಿ ಪಡೆದು ಹೊರಬರಲೂಬಹುದು. ಕರ್ನಾಟಕ ಅದೇ ವರ್ಷ ಮೂರು ವರ್ಷದ ಪದವಿಗೆ ವಾಪಸಾಯಿತು. ಹಾಸ್ಟೆಲ್ ಖರ್ಚಿನ ಲೆಕ್ಕ ಹಾಕುವವರಿಗೆ ಒಂದು ವರ್ಷ ಸಣ್ಣದಲ್ಲ.

ಏಜೆಂಟರ ಬಗ್ಗೆ ಎಷ್ಟು ಹೇಳಿದರೂ ಸಾಲದು. ಒರಿಜಿನಲ್ ಸರ್ಟಿಫಿಕೇಟ್ ತೆಗೆದುಕೊಂಡು, ಬಿಟ್ಟು ಹೋಗುವುದಾದರೆ ಪೂರ್ತಿ ಫೀಸು ಕಟ್ಟು ಎಂದು ಹೆದರಿಸುವುದು ಹಳೆಯ ಆಟ. 2018ರ ಯುಜಿಸಿ ಅಧಿಸೂಚನೆ ಮೂಲ ಪ್ರಮಾಣಪತ್ರಗಳನ್ನು ಸಂಸ್ಥೆ ಇಟ್ಟುಕೊಳ್ಳಬಾರದು ಎನ್ನುತ್ತದೆ. ಪರಿಶೀಲಿಸಿ ವಾಪಸ್ ಕೊಡಬೇಕು. ಏಜೆಂಟ್ ಸಂಬಂಧಿಕನೇ ಆಗಿದ್ದರೂ ಒರಿಜಿನಲ್ ಅವನ ಕೈಗೆ ಹೋಗಬಾರದು.

ಹೆಸರು ಕೇಳಿದ ಮೇಲೆ

ಹಾಸ್ಟೆಲ್ ಸಿಗದೆ ಹೊರಗೆ ಕೋಣೆ ಹುಡುಕುವ ಮಕ್ಕಳಿಗೆ ಇನ್ನೊಂದು ಅನುಭವ ಕಾದಿರುತ್ತದೆ. ಫೋನಿನಲ್ಲಿ ಖಾಲಿ ಇದ್ದ ರೂಮು ಹೆಸರು ಹೇಳಿದ ಮೇಲೆ "ನಿನ್ನೆಯೇ ಕೊಟ್ಟಾಯ್ತು" ಆಗುತ್ತದೆ. ಕಾಸರಗೋಡಿನಂಥ ಕಡೆ, ನಾಲ್ಕು ಭಾಷೆ ಮಾತಾಡುತ್ತ ಎಲ್ಲರ ಜೊತೆ ಬೆಳೆದ ಹುಡುಗನಿಗೆ ಇದು ಮೊದಲ ಸಲ ತುಂಬ ಚುಚ್ಚುತ್ತದೆ. ಮೊದಲೇ ಹೇಳಿ ಕಳಿಸಿದರೆ ಅಷ್ಟು ಚುಚ್ಚದು. ಜೊತೆಗೆ, ಕೋಣೆ ಕೊಡುವ, ಊಟಕ್ಕೆ ಕರೆಯುವ ಬೇರೆ ಧರ್ಮದವರೂ ಅಷ್ಟೇ ಸಿಗುತ್ತಾರೆ ಎಂದೂ ಹೇಳಬೇಕು, ಅದು ನಿಜ. ಒಂದು ಕಡೆಯ ಕಹಿಯನ್ನು ಇಡೀ ನಗರಕ್ಕೆ ಅಂಟಿಸಿಕೊಂಡ ಮಗು ತನ್ನವರ ನಾಲ್ಕು ಜನರ ಗುಂಪಿನಲ್ಲೇ ಮೂರು ವರ್ಷ ಕಳೆದು ಬರುತ್ತದೆ.

ಕರಾವಳಿಯಲ್ಲಿ ಅನೈತಿಕ ಪೊಲೀಸ್‌ಗಿರಿಯ ಸುದ್ದಿ ಓದುತ್ತ ಬೆಳೆದ ಮಕ್ಕಳಿವರು. ಸಹಪಾಠಿಗಳ ಜೊತೆ ಬಸ್ಸಿನಲ್ಲಿ ಹೋಗುವಾಗ ಯಾರಾದರೂ ಅಡ್ಡ ಹಾಕಿದರೆ ವಾದಕ್ಕೆ ಇಳಿಯದೆ ಜನರಿರುವ ಕಡೆ ನಿಂತು 112ಕ್ಕೆ ಕರೆ ಮಾಡುವುದು, ಆಮೇಲೆ ಲಿಖಿತ ದೂರು ಕೊಡುವುದು ಗೊತ್ತಿರಬೇಕು. ಆವೇಶದಲ್ಲಿ ಹಾಕಿದ ಒಂದು ಸ್ಟೇಟಸ್ಸಿಗೆ ಪ್ರಕರಣ ದಾಖಲಾಗುವ ಕಾಲ ಇದು. ಅಭಿಪ್ರಾಯ ಇಟ್ಟುಕೊಳ್ಳಬಾರದು ಎಂದಲ್ಲ, ಬೈಗುಳ ಮತ್ತು ಅಭಿಪ್ರಾಯದ ನಡುವಿನ ಗೆರೆ ಗೊತ್ತಿರಲಿ ಎಂದು.

ಹೆಣ್ಣುಮಕ್ಕಳ ಮಟ್ಟಿಗೆ 2022 ಮರೆಯಲಾಗದ ವರ್ಷ. ಹಿಜಾಬ್ ವಿವಾದದಲ್ಲಿ ಆ ಮಾರ್ಚ್ 15ಕ್ಕೆ ಕರ್ನಾಟಕ ಹೈಕೋರ್ಟ್ ಸರಕಾರಿ ಆದೇಶವನ್ನು ಎತ್ತಿಹಿಡಿಯಿತು, ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಆದ್ದರಿಂದ ಕಾಲೇಜು ಆರಿಸುವಾಗಲೇ ಸಮವಸ್ತ್ರದ ನಿಯಮವನ್ನು ಲಿಖಿತವಾಗಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಅದೇ ವರ್ಷ ಇನ್ನೊಂದು ಘಟನೆಯೂ ನಡೆಯಿತು, ಇಲ್ಲಿ ಅದು ಅಷ್ಟಾಗಿ ಚರ್ಚೆಯಾಗಲಿಲ್ಲ. ಕೋಝಿಕ್ಕೋಡ್ ಸರಕಾರಿ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯರು, ಹಾಸ್ಟೆಲಿಗೆ ರಾತ್ರಿ 9.30ರೊಳಗೆ ಮರಳಬೇಕೆಂಬ ಗಡುವು ಹುಡುಗಿಯರಿಗೆ ಮಾತ್ರ ಯಾಕೆ ಎಂದು ಕೇರಳ ಹೈಕೋರ್ಟಿಗೆ ಹೋದರು. ಪೋಷಕರಿಗೆ ಈ ಪ್ರಶ್ನೆ ಇಷ್ಟವಾಗದಿರಬಹುದು. ಆದರೆ ರಾತ್ರಿ ಡ್ಯೂಟಿ ಮಾಡಬೇಕಾದ ಡಾಕ್ಟರ್, ನರ್ಸ್ ಆಗಲಿಕ್ಕೆ ಮಗಳನ್ನು ಕಳಿಸುವ ಮನೆ, ರಾತ್ರಿಯನ್ನು ಹೇಗೆ ನಿಭಾಯಿಸಬೇಕು ಎಂದು ಅವಳಿಗೆ ಕಲಿಸದೆ ಗೇಟಿನ ಬೀಗವನ್ನೇ ನಂಬಿದರೆ ಆಗದು. ಬೀಗ ಇರುವುದು ಹಾಸ್ಟೆಲಿಗೆ ಮಾತ್ರ, ಆಸ್ಪತ್ರೆಗಲ್ಲ.

ಮೊಹಲ್ಲಾ ಜಮಾಅತ್‌ಗಳಿಗೆ ಇಲ್ಲೊಂದು ಸುಲಭದ ಕೆಲಸ ಉಂಟು. ಜುಮಾ ಮುಗಿದ ಮೇಲೆ ಹತ್ತು ನಿಮಿಷ ಕೂತರೆ, ಯಾವ ಮನೆಯ ಮಗು ಯಾವ ಊರಿನಲ್ಲಿ ಓದುತ್ತಿದೆ ಎಂಬ ಪಟ್ಟಿ ತಯಾರಾಗುತ್ತದೆ. ಮೂರನೇ ವರ್ಷದವನ ನಂಬರ್ ಮೊದಲ ವರ್ಷದವನಿಗೆ ಸಿಕ್ಕಿದರೆ ಸಾಕು, ಯಾವ ಮೆಸ್ಸಿನಲ್ಲಿ ಹಲಾಲ್ ಊಟ, ಶುಕ್ರವಾರ ಕ್ಲಾಸ್ ಎಷ್ಟು ಹೊತ್ತಿಗೆ ಬಿಡುತ್ತಾರೆ, ರಂಝಾನಿನಲ್ಲಿ ಅತ್ತಾಳದ ಊಟಕ್ಕೆ ವಾರ್ಡನ್ ಹತ್ತಿರ ಯಾರು ಅರ್ಜಿ ಕೊಡಬೇಕು, ಎಲ್ಲ ಅಲ್ಲೇ ಇತ್ಯರ್ಥ. ಪ್ರತಿಭಾ ಪುರಸ್ಕಾರದ ವೇದಿಕೆಗೆ ಹಾಕುವ ಖರ್ಚಿನಲ್ಲಿ ಕಾಲು ಭಾಗವನ್ನು ಇದಕ್ಕೆ ತೆಗೆದಿಟ್ಟರೂ ಮೊದಲ ತಿಂಗಳ ಡೆಪಾಸಿಟ್ಟಿಗೆ ಒದ್ದಾಡುವ ನಾಲ್ಕು ಮಕ್ಕಳಿಗೆ ಬಡ್ಡಿಯಿಲ್ಲದ ಕೈಸಾಲ ಸಿಗುತ್ತದೆ. ಸಂಶೋಧನೆಗೆ ಹೋಗುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ ನಿಲ್ಲಿಸುವುದಾಗಿ ಕೇಂದ್ರ 2022ರ ಡಿಸೆಂಬರಿನಲ್ಲಿ ಹೇಳಿತು. ಸರಕಾರದ ಕೈ ಹಿಂದೆ ಸರಿಯುತ್ತಿರುವಾಗ ಮೊಹಲ್ಲಾದ ಕೈ ಮುಂದೆ ಬರಬೇಡವೇ?

ಎಲ್ಲರೂ ಮರೆಯುವ ಇನ್ನೊಬ್ಬರಿದ್ದಾರೆ, ಪ್ಲಾಟ್‌ಫಾರ್ಮಿನಲ್ಲಿ ಫೋನ್ ಹಿಡಿದು ನಿಂತ ಉಮ್ಮ. ಉಪ್ಪ ಗಲ್ಫಿನಲ್ಲಿರುವ ಮನೆಗೆ ದೊಡ್ಡ ಮಗನೇ ಗಂಡು ದಿಕ್ಕು. ಕರೆಂಟ್ ಬಿಲ್ ಕಟ್ಟಿದ್ದು, ಗ್ಯಾಸ್ ಬುಕ್ ಮಾಡಿದ್ದು, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದದ್ದು, ಉಪ್ಪ ಕಳಿಸಿದ ಹಣ ತೆಗೆದದ್ದು ಎಲ್ಲ ಅವನೇ. ಉಮ್ಮನ ಫೋನಿನ ಪಿನ್ ನಂಬರ್ ಕೂಡ ಅವನಿಗೇ ಗೊತ್ತು, ಅವಳಿಗಲ್ಲ. ಮಗ ಹೋದ ಮರುದಿನ ಬೆಳಗ್ಗೆ ಅಂಗಡಿಯವ ಸ್ಕ್ಯಾನ್ ಮಾಡಿ ಎಂದರೆ ಅವಳು ಹಾಸ್ಟೆಲಿಗೇ ಕರೆ ಮಾಡಬೇಕು, ಅವನು ಕ್ಲಾಸಿನಿಂದ ಹೊರಗೆ ಬಂದು ಹೇಳಿಕೊಡಬೇಕು. ಹೊರಡುವ ಮೊದಲಿನ ಎರಡು ವಾರದಲ್ಲಿ ಬಕೆಟ್, ಚಪ್ಪಲಿ ಎಂದು ಅಂಗಡಿ ಸುತ್ತುವುದನ್ನು ಒಂದು ದಿನ ಕಡಿಮೆ ಮಾಡಿ, ಮಗ ಉಮ್ಮನ ಪಕ್ಕ ಕೂತು, ಅವಳ ಬೆರಳಿನಲ್ಲೇ ಒತ್ತಿಸಿ, ಹತ್ತು ರೂಪಾಯಿ ಕಳಿಸುವುದನ್ನು ಕಲಿಸಿ ಹೋಗಬಹುದು. ಪಿನ್ ನಂಬರನ್ನು ಅವಳೇ ಬದಲಾಯಿಸಲಿ, ಅವನಿಗೂ ಹೇಳದೆ.